ಕರಿ ಪಟ್ಟಿ, ಚಿನ್ನದ ಚಿಪ್ಪು, ಅಕ್ಕನ ನೋಟ್‌ಬುಕ್ಕು

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಆಫೀಸು, ಮನೆ, ಮಗಳ ಪರೀಕ್ಷೆ ಅಂತ ಒಂದಲ್ಲ ಒಂದು ನೆಪ. ಹೋದ ಸಲ ಬರೆದಾಗ ಗೆಳೆಯರೊಬ್ಬರು ಕೇಳಿದ್ದರು, "ಊಟ ತಿಂಡಿ ಬಗ್ಗೆ ಬರೀತೀರಿ, ಮಳೆ ಬಗ್ಗೆ ಬರೀತೀರಿ, ನೀವು ಹೊಟ್ಟೆಪಾಡಿಗೆ ಏನು ಮಾಡ್ತೀರಿ ಅಂತ ಮಾತ್ರ ಯಾವತ್ತೂ ಬರೆದಿಲ್ಲವಲ್ಲ?" ಅಂತ. ನಿಜ. "ಸಾಫ್ಟ್‌ವೇರ್" ಅಂದುಬಿಟ್ಟರೆ ಬೆಂಗಳೂರಿನಲ್ಲಿ ಯಾರೂ ಮುಂದಕ್ಕೆ ಏನೂ ಕೇಳೋದಿಲ್ಲ. ನನಗೂ ಅದೇ ಅನುಕೂಲ :)

ಸರಿ, ಇವತ್ತು ಹೇಳಿಯೇ ಬಿಡ್ತೀನಿ. ನನ್ನದು ಒಂಥರಾ ದುಭಾಷಿ ಕೆಲಸ. ಅಂಗಡಿಗಳಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಹಾಕಿಸಿಕೊಂಡ ಬಿಲ್ಲಿಂಗ್ ಸಾಫ್ಟ್‌ವೇರ್ ಇರುತ್ತಲ್ಲ, ಅದಕ್ಕೂ ನಿನ್ನೆ ಮೊನ್ನೆ ಬ್ಯಾಂಕಿನವರು ತಂದುಕೊಟ್ಟ ಹೊಸ ಕಾರ್ಡ್ ಮಿಷಿನ್ನಿಗೂ ಮಾತು ಬರೋ ಹಾಗೆ ಮಾಡೋದು. ಹಳೆಯದಕ್ಕೆ ಹೊಸದರ ಭಾಷೆ ಬರೋದಿಲ್ಲ, ಹೊಸದಕ್ಕೆ ಹಳೆಯದರ ಮೇಲೆ ಮರ್ಯಾದೆ ಇಲ್ಲ. ಅತ್ತೆ ಸೊಸೆ ನಡುವೆ ನಿಂತ ಗಂಡನ ಪಾಡು ಅಂತಲೇ ಅಂದ್ಕೊಳ್ಳಿ.

ಈ ಕೆಲಸ ಮಾಡ್ತಾ ಮಾಡ್ತಾ ನನಗೆ ಗೊತ್ತಾಗಿದ್ದು ಇಷ್ಟು. ಕಾರ್ಡಿನ ಲೋಕದಲ್ಲಿ ಯಾವ ಹೊಸದೂ ತನ್ನ ಸ್ವಂತ ಮುಖ ಹೊತ್ತು ಬರೋದಿಲ್ಲ. ಮೊದಲು ಹಳೆಯದರ ವೇಷ ಹಾಕಿಕೊಂಡು ಬರುತ್ತೆ. ಜಗತ್ತಿನ ಅಂಗಡಿಗಳೆಲ್ಲ ಒಂದೇ ರಾತ್ರಿಯಲ್ಲಿ ಮಿಷಿನ್ ಬದಲಾಯಿಸೋಕೆ ಆಗೋದಿಲ್ಲವಲ್ಲ, ಅದಕ್ಕೆ.

ಒಂದು ಉದಾಹರಣೆ ಕೊಡ್ತೀನಿ. ಕಾರ್ಡಿನ ಹಿಂದಿನ ಕರಿ ಪಟ್ಟಿ ಗೊತ್ತಲ್ಲ, ಅದು 1960ರ ದಶಕದ್ದು. ಐಬಿಎಂನ ಫಾರೆಸ್ಟ್ ಪ್ಯಾರಿ ಅನ್ನೋ ಎಂಜಿನಿಯರ್ ಮ್ಯಾಗ್ನೆಟಿಕ್ ಟೇಪಿನ ತುಂಡನ್ನು ಪ್ಲಾಸ್ಟಿಕ್ಕಿಗೆ ಅಂಟಿಸೋಕೆ ಒದ್ದಾಡ್ತಿದ್ದಾಗ, ಬಟ್ಟೆ ಇಸ್ತ್ರಿ ಮಾಡ್ತಿದ್ದ ಅವರ ಹೆಂಡತಿ ಇಸ್ತ್ರಿಪೆಟ್ಟಿಗೆಯಿಂದಲೇ ಅಂಟಿಸಿ ನೋಡಿ ಅಂದರಂತೆ. ಅಂಟಿತು. ಅಲ್ಲಿಂದ ಅರ್ಧ ಶತಮಾನ ಲೋಕವೆಲ್ಲ ಆ ಪಟ್ಟಿ ಉಜ್ಜಿಕೊಂಡೇ ವ್ಯಾಪಾರ ಮಾಡಿತು. ಆ ಪಟ್ಟಿಯಲ್ಲಿ ಸಾಲುಗಳಿವೆ. ಅಂಗಡಿ ಮಿಷಿನ್ನು ಹೆಚ್ಚಾಗಿ ಓದೋದು ಎರಡನೇ ಸಾಲನ್ನ. ಅದರಲ್ಲಿ ಹಿಡಿಯೋದು ಒಟ್ಟು ನಲವತ್ತು ಅಕ್ಷರ ಅಷ್ಟೇ. ಕಾರ್ಡ್ ನಂಬರು, ಮುಗಿಯೋ ವರ್ಷ ತಿಂಗಳು, ಆಮೇಲೆ ಮೂರು ಅಂಕಿಯ ಒಂದು ಕೋಡು, ಉಳಿದ ಜಾಗದಲ್ಲಿ ಬ್ಯಾಂಕು ತನಗೆ ಬೇಕಾದ್ದನ್ನು ಬರೆದುಕೊಳ್ಳುತ್ತೆ.

ತೊಂದರೆ ಏನಂದ್ರೆ, ಆ ನಲವತ್ತು ಅಕ್ಷರ ಯಾವಾಗ ಓದಿದರೂ ಅದೇ. ಒಂದು ಸಲ ಕದ್ದು ನಕಲು ಮಾಡಿಕೊಂಡರೆ ಮುಗೀತು, ಕಳ್ಳನ ಕಾರ್ಡೂ ಒಂದೇ ನಿಮ್ಮ ಕಾರ್ಡೂ ಒಂದೇ. ಅದಕ್ಕೇ ಚಿಪ್ ಬಂತು. ಫ್ರಾನ್ಸಿನವರು 1992ರ ಹೊತ್ತಿಗೇ ತಮ್ಮ ಬ್ಯಾಂಕ್ ಕಾರ್ಡುಗಳಿಗೆಲ್ಲ ಚಿಪ್ ಹಾಕಿ ಮುಗಿಸಿದ್ದರು. ಆಮೇಲೆ ಯೂರೋಪೇ, ಮಾಸ್ಟರ್‌ಕಾರ್ಡ್, ವೀಸಾ ಮೂವರೂ ಸೇರಿ ಎಲ್ಲ ದೇಶಕ್ಕೂ ಆಗೋ ಒಂದು ನಿಯಮ ಮಾಡಿದರು. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದಕ್ಕೆ ಇಎಂವಿ ಅಂತ ಹೆಸರು. ಚಿಪ್ಪಿನ ಜಾಣತನ ಏನು ಅಂದ್ರೆ, ಅದು ಪ್ರತಿ ವ್ಯವಹಾರಕ್ಕೂ ಹೊಸದಾಗಿ ಒಂದು ಗುಟ್ಟಿನ ಲೆಕ್ಕ ಮಾಡಿ ಉತ್ತರ ಕೊಡುತ್ತೆ. ಇವತ್ತಿನ ಉತ್ತರ ಕದ್ದರೆ ನಾಳೆ ಉಪಯೋಗಕ್ಕೆ ಬರಲ್ಲ.

ಆದರೆ ಹಳೇ ಮಿಷಿನ್ನಿಗೆ ಚಿಪ್ ಅಂದ್ರೇನು ಅಂತಲೇ ಗೊತ್ತಿಲ್ಲ. ಅದಕ್ಕೇ ಕಾರ್ಡಿನ ಮೇಲೆ ಎರಡೂ ಇಟ್ಟರು, ಮುಂದೆ ಚಿಪ್, ಹಿಂದೆ ಪಟ್ಟಿ. ಆಗ ಕಳ್ಳ ಸುಮ್ಮನೆ ಪಟ್ಟಿ ಮಾತ್ರ ನಕಲು ಮಾಡಿದರೆ? ಅದಕ್ಕೊಂದು ಉಪಾಯ ಇದೆ, ನನಗೆ ಈಗಲೂ ಅದನ್ನು ನೆನೆಸಿಕೊಂಡರೆ ಖುಷಿ. ಆಗಲೇ ಹೇಳಿದೆನಲ್ಲ ಮೂರು ಅಂಕಿಯ ಕೋಡು, ಅದರ ಮೊದಲ ಅಂಕಿ 1 ಇದ್ದರೆ ಬರೀ ಪಟ್ಟಿ ಕಾರ್ಡು. 2 ಅಥವಾ 6 ಇದ್ದರೆ "ನನ್ನ ಹತ್ತಿರ ಚಿಪ್ ಇದೆ ಮಾರಾಯ, ಉಜ್ಜಬೇಡ, ಒಳಗೆ ತೂರಿಸು" ಅಂತ ಅರ್ಥ. ಚಿಪ್ ಗೊತ್ತಿರೋ ಮಿಷಿನ್ನು ಆ ಅಂಕಿ ನೋಡಿ ಚಿಪ್ ಕೇಳುತ್ತೆ. ಗೊತ್ತಿಲ್ಲದ ಮಿಷಿನ್ನು ಆ ಅಂಕಿಯನ್ನು ಗಣನೆಗೇ ತಗೊಳ್ಳದೆ ಮೊದಲಿನ ಹಾಗೇ ಉಜ್ಜಿಕೊಂಡು ಹೋಗುತ್ತೆ. ಒಂದೇ ಒಂದು ಅಂಕಿಯಲ್ಲಿ ಹಳಬರಿಗೂ ಹೊಸಬರಿಗೂ ಬೇರೆ ಬೇರೆ ಮಾತು ಹೇಳಿದ ಹಾಗಾಯ್ತು. ಯಾರು ಯೋಚನೆ ಮಾಡಿದರೋ ಪುಣ್ಯಾತ್ಮರು!

ವೇಷದ ಪರಾಕಾಷ್ಠೆ ನೋಡಬೇಕಿದ್ದರೆ ಸ್ಯಾಮ್‌ಸಂಗ್ ಪೇ ನೋಡಬೇಕಿತ್ತು. ಅಮೆರಿಕದ ಲೂಪ್‌ಪೇ ಅನ್ನೋ ಕಂಪನಿಯನ್ನು ಸ್ಯಾಮ್‌ಸಂಗ್‌ನವರು 2015ರಲ್ಲಿ ಕೊಂಡುಕೊಂಡರು. ಅದರಲ್ಲಿದ್ದ ಜಾರ್ಜ್ ವಾಲ್ನರ್ ಹಿಂದೆ ಹೈಪರ್‌ಕಾಮ್ ಅನ್ನೋ ಕಾರ್ಡ್ ಮಿಷಿನ್ ಕಂಪನಿಯನ್ನೇ ಕಟ್ಟಿದವರು. ಅಂದ್ರೆ ಬೀಗ ಮಾಡಿದವರೇ ಕೀಲಿ ಮಾಡೋಕೆ ಕೂತ ಹಾಗೆ. ಅವರು ಏನು ಮಾಡಿದರು ಅಂದ್ರೆ, ಫೋನಿನೊಳಗೆ ಒಂದು ತಂತಿಯ ಸುರುಳಿ ಇಟ್ಟು ಅದರಲ್ಲಿ ಕರೆಂಟು ಹರಿಸಿ, ಕಾರ್ಡನ್ನು ಉಜ್ಜಿದಾಗ ಮಿಷಿನ್ನಿನ ತಲೆಗೆ ಎಂಥ ಕಾಂತದ ಏರಿಳಿತ ಸಿಗುತ್ತೋ ಅಂಥದ್ದನ್ನೇ ಗಾಳಿಯಲ್ಲಿ ಎಬ್ಬಿಸಿದರು. ಫೋನನ್ನು ಹತ್ತಿರ ಹಿಡಿದರೆ ಸಾಕು, ಮಿಷಿನ್ನು "ಓಹೋ, ಯಾರೋ ಕಾರ್ಡ್ ಉಜ್ಜಿದರು" ಅಂತ ತಿಳ್ಕೊಳ್ಳುತ್ತೆ. ನಮ್ಮ ದೇಶಕ್ಕೆ ಇದು 2017ರ ಮಾರ್ಚಿನಲ್ಲಿ ಬಂತು. ಅಂಗಡಿಯವರು "ಇಲ್ಲಿ ಫೋನಲ್ಲಿ ಆಗಲ್ಲ ಸಾರ್" ಅಂತ ಹೇಳ್ತಿರೋವಾಗಲೇ ಮಿಷಿನ್ನು ಕುಂಯ್ ಅಂದು ಪಿನ್ ಕೇಳ್ತಿತ್ತು. ಅವರ ಮುಖ ನೋಡಬೇಕಿತ್ತು ನೀವು!

ಅಷ್ಟೇ ಅಲ್ಲ, ಫೋನು ಕೊಡ್ತಿದ್ದದ್ದು ನಿಮ್ಮ ನಿಜವಾದ ಕಾರ್ಡ್ ನಂಬರನ್ನಲ್ಲ, ಅದರ ಬದಲಿಗೆ ಟೋಕನ್ ಅನ್ನೋ ಬೇರೆ ನಂಬರು. ಅದೂ ಕಾರ್ಡ್ ನಂಬರಿನ ಹಾಗೇ ಇರುತ್ತೆ, ಅಷ್ಟೇ ಉದ್ದ, ಅದೇ ಚಹರೆ. ಕಾರ್ಡ್ ನಂಬರಿನ ಕೊನೆ ಅಂಕಿ ಸುಮ್ಮನೆ ಇರೋದಲ್ಲ, ಉಳಿದ ಅಂಕಿಗಳ ತಾಳೆ ನೋಡೋಕೆ ಇರೋದು. ಐಬಿಎಂನ ಹಾನ್ಸ್ ಪೀಟರ್ ಲೂನ್ ಅನ್ನೋರು ಕಂಡುಹಿಡಿದ, 1960ರಲ್ಲಿ ಪೇಟೆಂಟ್ ಸಿಕ್ಕ ಲೆಕ್ಕ ಅದು. ಟೋಕನ್ ಆ ತಾಳೆಯಲ್ಲೂ ಪಾಸಾಗುತ್ತೆ. ಯಾಕಂದ್ರೆ ನಡುವೆ ಎಷ್ಟೋ ಹಳೇ ಕಂಪ್ಯೂಟರುಗಳು ಕೂತಿವೆ, ನಂಬರಿನ ಚಹರೆ ಬದಲಾದರೆ ಮುಖ ಸಿಂಡರಿಸಿ ವಾಪಸ್ ಕಳಿಸಿಬಿಡ್ತವೆ.

ಇದೆಲ್ಲ ಓದಿ "ಎಷ್ಟು ಚಂದ!" ಅನ್ನಿಸಿರಬೇಕು ನಿಮಗೆ. ನನಗೂ ಹಾಗೇ ಅನ್ನಿಸ್ತಿತ್ತು, ತುಮಕೂರು ಕಡೆಯ ಆ ಅಂಗಡಿಗೆ ಹೋಗೋವರೆಗೂ.

ಅದು 2018. ಆ ವರ್ಷದ ಡಿಸೆಂಬರ್ 31ರೊಳಗೆ ಬರೀ ಪಟ್ಟಿ ಇರೋ ಕಾರ್ಡುಗಳನ್ನೆಲ್ಲ ಬದಲಾಯಿಸಿ ಚಿಪ್ ಮತ್ತು ಪಿನ್ ಇರೋ ಕಾರ್ಡು ಕೊಡಬೇಕು ಅಂತ ರಿಸರ್ವ್ ಬ್ಯಾಂಕು ಗಡುವು ಹಾಕಿತ್ತು. ಬ್ಯಾಂಕುಗಳು ಕಟ್ಟು ಕಟ್ಟು ಹೊಸ ಕಾರ್ಡು ಕಳಿಸ್ತಿದ್ದವು. ಈ ಅಂಗಡಿ ದೊಡ್ಡದು, ದಿನಸಿ, ಪಾತ್ರೆ, ಬಟ್ಟೆ ಎಲ್ಲ ಸೇರಿ ಆರು ಕೌಂಟರು. ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟ ಕಂಪನಿ ಯಾವತ್ತೋ ಬಾಗಿಲು ಹಾಕಿಕೊಂಡಿತ್ತು, ಅದರ ಸೋರ್ಸ್ ಕೋಡ್ ಯಾರ ಹತ್ತಿರವೂ ಇಲ್ಲ. ಹೊಸ ಮಿಷಿನ್ನುಗಳನ್ನು ಅದಕ್ಕೆ ತಗುಲಿಸಿ ಹೋಗಿದ್ದವರು ಬೇರೆ ಯಾರೋ. ಅಲ್ಲಿಂದಾಚೆ ಗಲಾಟೆ ಶುರು. ಒಬ್ಬ ಗಿರಾಕಿಗೆ ಎರಡೆರಡು ಸಲ ದುಡ್ಡು ಕಟ್ ಆಗುತ್ತೆ, ಕೌಂಟರಿನಲ್ಲಿ ಜಗಳ, ಸಂಜೆ ಕ್ಯಾಶು ತಾಳೆ ಆಗಲ್ಲ. ನೋಡಿ ಸರಿಮಾಡಿ ಅಂತ ನಮ್ಮನ್ನು ಕರೆದರು.

ಮೊದಲ ದಿನ ಕೌಂಟರಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತೆ. ಎರಡನೇ ಕೌಂಟರಿನಲ್ಲಿದ್ದ ಅಕ್ಕ ಅಲ್ಲಿ ಎಲ್ಲರಿಗಿಂತ ಹಳಬರು, ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಮಧ್ಯಾಹ್ನದವರೆಗೂ ನನ್ನ ಹತ್ತಿರ ಮಾತಾಡಲಿಲ್ಲ. ಊಟದ ಹೊತ್ತಿಗೆ ಜನ ಕಮ್ಮಿಯಾದಾಗ ಕೇಳಿದರು,

"ಸಾರ್, ಮಿಷಿನ್ ತಪ್ಪು ಮಾಡಿದ್ರೆ ನನ್ ಸಂಬ್ಳದಲ್ಲಿ ಯಾಕ್ ಹಿಡೀತಾರೆ?"

ನನಗೆ ಅರ್ಥ ಆಗಲಿಲ್ಲ. "ಯಾವ ಸಂಬಳ ಅಕ್ಕ?" ಅಂದೆ.

"ರಾತ್ರಿ ಕ್ಯಾಶ್ ಶಾರ್ಟ್ ಬಂದ್ರೆ ನಮ್ದೇ ಸಾರ್ ಅದು. ಎರಡು ತಿಂಗಳಲ್ಲಿ ಆರು ಸಾವಿರದ ಎಂಟ್ನೂರ ನಲವತ್ತು ಹಿಡಿದವ್ರೆ."

ಅವರ ತಿಂಗಳ ಸಂಬಳ ಹನ್ನೊಂದು ಸಾವಿರ. ಹೇಳ್ತಾ ಹೇಳ್ತಾ ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದರು, ಮಗನ ಹಳೇ ಗಣಿತದ ನೋಟ್‌ಬುಕ್ಕು. ಅದರ ಹಿಂದಿನ ಹಾಳೆಗಳಲ್ಲಿ ಗೆರೆ ಹಾಕಿ, ತಾರೀಖು, ಬಿಲ್ ನಂಬರು, ಮೊತ್ತ, ಗಿರಾಕಿ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಟೈಮು, ಎಲ್ಲ ಬರೆದಿದ್ದರು. ಮಿಷಿನ್ನು ತರಲೆ ಮಾಡಿದಾಗಲೆಲ್ಲ ಒಂದು ಸಾಲು. ಒಟ್ಟು 23 ಸಾಲು. ಯಾರೂ ಬರೆಯೋಕೆ ಹೇಳಿರಲಿಲ್ಲ. "ಯಾವತ್ತಾದ್ರೂ ಯಾರಾದ್ರೂ ಕೇಳ್ತಾರೆ ಅಂತ ಬರ್ದಿಟ್ಟೆ" ಅಂದರು.

ನಮ್ಮ ಕಂಪ್ಯೂಟರಿನ ಲಾಗ್ ಫೈಲುಗಳಿಗಿಂತ ಆ ನೋಟ್‌ಬುಕ್ಕು ಎಷ್ಟೋ ವಾಸಿ ಇತ್ತು. ಅದನ್ನು ನೋಡಿಕೊಂಡು ಕೂತಾಗ ವಿಷಯ ಬಿಚ್ಚಿಕೊಳ್ತಾ ಹೋಯ್ತು.

ಆಗ್ತಿದ್ದದ್ದು ಇಷ್ಟು. ಅಕ್ಕ ಬಿಲ್ಲು ಮುಗಿಸಿ ಕಾರ್ಡ್ ಅಂತ ಕೀ ಒತ್ತಿದ ಕೂಡಲೇ ಬಿಲ್ಲಿಂಗ್ ಸಾಫ್ಟ್‌ವೇರು ಮೊತ್ತವನ್ನು ಮಿಷಿನ್ನಿಗೆ ಕಳಿಸಿ 30 ಸೆಕೆಂಡು ಕಾಯುತ್ತೆ. ಅಷ್ಟರಲ್ಲಿ ಉತ್ತರ ಬರದಿದ್ದರೆ "ಫೇಲ್" ಅಂತ ಹೇಳಿ ಬಿಡುತ್ತೆ. ಅದನ್ನು ಬರೆದ ಕಾಲದಲ್ಲಿ 30 ಸೆಕೆಂಡು ಧಾರಾಳ ಆಯ್ತು, ಬಲಕ್ಕೆಂದು ಉಜ್ಜಿದರೆ ಮುಗೀತು. ಈಗ? ಕಾರ್ಡು ತೂರಿಸಬೇಕು. ತೂರಿಸಿದ್ದನ್ನು ಕೊನೆವರೆಗೂ ಬಿಟ್ಟಿರಬೇಕು, ಆದರೆ ಉಜ್ಜಿ ಅಭ್ಯಾಸ ಇರೋರು ತಟ್ಟನೆ ಎಳೆದುಬಿಡ್ತಾರೆ, ಮತ್ತೆ ಮೊದಲಿಂದ. ಆಮೇಲೆ ಪಿನ್ನು. ಡೆಬಿಟ್ ಕಾರ್ಡಿಗೆ ಅಂಗಡಿಯಲ್ಲಿ ಪಿನ್ ಒತ್ತಲೇಬೇಕು ಅನ್ನೋದು 2013ರ ಡಿಸೆಂಬರಿನಿಂದಲೇ ಇದೆ. ವಯಸ್ಸಾದವರು ಕನ್ನಡಕ ಹುಡುಕ್ತಾರೆ, ಹೆಂಡತಿಗೆ ಫೋನ್ ಮಾಡಿ ಪಿನ್ ಕೇಳ್ತಾರೆ (ಅಂಗಡಿಗೆಲ್ಲ ಕೇಳೋ ಹಾಗೆ!). ಅಷ್ಟಾದ ಮೇಲೆ ಸಿಗ್ನಲ್ ಸಿಕ್ಕು ಬ್ಯಾಂಕಿನಿಂದ ಉತ್ತರ ಬರಬೇಕು. 30 ಸೆಕೆಂಡು ಎಲ್ಲಿ ಸಾಕಾಗುತ್ತೆ ಹೇಳಿ?

ಆಗ ಒಂದೇ ಕೌಂಟರಿನಲ್ಲಿ ಎರಡು ಸತ್ಯ. ಕಂಪ್ಯೂಟರಿನಲ್ಲಿ "ಫೇಲ್" ಅಂತ ಇದೆ, ಮಿಷಿನ್ನಿನಿಂದ "ಅಪ್ರೂವ್ಡ್" ಅಂತ ಚೀಟಿ ಬಂದಿದೆ. ಹೊಸ ಹುಡುಗಿಯರು ಕಂಪ್ಯೂಟರನ್ನು ನಂಬಿ ಇನ್ನೊಂದು ಸಲ ಕಾರ್ಡ್ ಹಾಕಿಸ್ತಿದ್ದರು, ಗಿರಾಕಿಗೆ ಎರಡು ಸಲ ಕಟ್. ಅಕ್ಕ ಅನುಭವಸ್ಥರು, ಚೀಟಿಯನ್ನು ನಂಬ್ತಿದ್ದರು. ಆದರೆ ಬಿಲ್ಲು ಮುಗಿಯದೆ ಮುಂದಿನ ಬಿಲ್ಲು ಹೊಡೆಯೋಕೆ ಆಗಲ್ಲ, ಕಾರ್ಡ್ ಅಂದರೆ ಅದು ಮತ್ತೆ ಮಿಷಿನ್ನಿಗೇ ಕಳಿಸುತ್ತೆ. ಹಿಂದೆ ಹತ್ತು ಜನ ಸಾಲು ನಿಂತಿರ್ತಾರೆ. ಉಳಿದಿದ್ದು ಒಂದೇ ದಾರಿ, "ಕ್ಯಾಶ್" ಅಂತ ಒತ್ತಿ ಬಿಲ್ ಮುಗಿಸೋದು. ಮುಗಿಸ್ತಿದ್ದರು. ರಾತ್ರಿ ಲೆಕ್ಕ ಹಾಕಿದಾಗ ಡ್ರಾಯರಿನಲ್ಲಿ ಅಷ್ಟು ಕ್ಯಾಶು ಕಮ್ಮಿ.

ದುಡ್ಡು ಎಲ್ಲಿ ಹೋಯ್ತು? ಎಲ್ಲೂ ಹೋಗಿರಲಿಲ್ಲ. ಮಾರನೇ ದಿನ ಬ್ಯಾಂಕು ಎಲ್ಲ ಕಾರ್ಡಿನ ವ್ಯಾಪಾರ ಕೂಡಿಸಿ, ತನ್ನ ಕಮಿಷನ್ ಮುರಿದುಕೊಂಡು, ಇಡುಗಂಟಾಗಿ ಸಾಹುಕಾರರ ಖಾತೆಗೆ ಹಾಕ್ತಿತ್ತು. ಆ ಇಡುಗಂಟಿನಲ್ಲಿ ಅಕ್ಕನ ಸಾಲುಗಳೂ ಇದ್ದವು. ಕ್ಯಾಶ್ ನೋಡೋ ಗುಮಾಸ್ತರು ಕ್ಯಾಶ್ ಮಾತ್ರ ನೋಡ್ತಿದ್ದರು. ಬ್ಯಾಂಕಿನ ಲೆಕ್ಕವನ್ನು ಬಿಲ್ಲಿನ ಜೊತೆ ಒಂದೊಂದಾಗಿ ತಾಳೆ ನೋಡೋರು ಯಾರೂ ಇರಲಿಲ್ಲ. ಗಿರಾಕಿ ದುಡ್ಡು ಕೊಟ್ಟಿದ್ದಾನೆ, ಸಾಹುಕಾರರಿಗೆ ಸೇರಿದೆ, ಅದರ ಮೇಲೆ ಅಕ್ಕನ ಸಂಬಳದಲ್ಲೂ ಅಷ್ಟೇ ಮುರಿದಿದೆ. ಎಲ್ಲರಿಗೂ ಚಿಪ್ ಬಂತು, ಅಕ್ಕನಿಗೆ ಮಾತ್ರ ಚಿಪ್ಪು!

ಮಿಷಿನ್ನಿನ ರೋಗಕ್ಕೆ ಮದ್ದು ಸಿಕ್ಕಿದ್ದು ಗೋದಾಮಿನಲ್ಲಿ. ಫೋನ್ ವೈರು ಚುಚ್ಚಿ ಡಯಲ್ ಮಾಡೋ ಹಳೇ ಕಾಲದ ಒಂದು ಮಿಷಿನ್ನು ಅಲ್ಲಿ ಧೂಳು ಹಿಡಿದು ಬಿದ್ದಿತ್ತು. ತಂದು ಒರೆಸಿ, ಬಿಲ್ಲಿಂಗ್ ಕಂಪ್ಯೂಟರಿಗೆ ಸಿಕ್ಕಿಸಿ, ತಂತಿಯಲ್ಲಿ ಏನು ಮಾತಾಡ್ತವೆ ಅಂತ ಕದ್ದು ಕೇಳಿದೆವು. ಆ ಮಿಷಿನ್ನು ಲೈನ್ ಸಿಗದೆ ಮತ್ತೆ ಮತ್ತೆ ಡಯಲ್ ಮಾಡೋವಾಗ "ಡಯಲ್ ಮಾಡ್ತಿದೀನಿ" ಅಂತ ಒಂದು ಸಣ್ಣ ಸಂದೇಶ ಕಳಿಸ್ತಿತ್ತು. ಅದು ಬಂದಾಗಲೆಲ್ಲ ಬಿಲ್ಲಿಂಗ್ ಸಾಫ್ಟ್‌ವೇರು 30 ಸೆಕೆಂಡನ್ನು ಮತ್ತೆ ಒಂದರಿಂದ ಎಣಿಸೋಕೆ ಶುರು ಮಾಡ್ತಿತ್ತು. ಟೆಲಿಫೋನ್ ಲೈನು ಸಿಗೋದೇ ಕಷ್ಟ ಇದ್ದ ಕಾಲದಲ್ಲಿ ಯಾರೋ ದೂರಾಲೋಚನೆ ಮಾಡಿ ಹಾಕಿಟ್ಟಿದ್ದು!

ಅಷ್ಟು ಗೊತ್ತಾದ ಮೇಲೆ ಏನಿದೆ. ಎರಡರ ನಡುವೆ ಕೂರೋ ಒಂದು ಪುಟ್ಟ ಪ್ರೋಗ್ರಾಮ್ ಬರೆದೆವು. ಹೊಸ ಮಿಷಿನ್ನಿನಲ್ಲಿ ಅಜ್ಜ ಕನ್ನಡಕ ಹುಡುಕ್ತಿರೋವಾಗ ಅದು ಹತ್ತು ಸೆಕೆಂಡಿಗೊಮ್ಮೆ ಬಿಲ್ಲಿಂಗಿಗೆ "ಡಯಲ್ ಮಾಡ್ತಿದೀನಿ, ಡಯಲ್ ಮಾಡ್ತಿದೀನಿ" ಅಂತ ಹೇಳ್ತಾ ಇರುತ್ತೆ. ಎಲ್ಲಿಯ ಫೋನು, ಎಲ್ಲಿಯ ಡಯಲ್ಲು! ಇಲ್ಲದ ಲೈನಿಗೆ ಡಯಲ್ ಮಾಡೋ ನಾಟಕ. ಜೊತೆಗೆ ಇನ್ನೊಂದು ಕೆಲಸವನ್ನೂ ಅದಕ್ಕೆ ವಹಿಸಿದೆವು. ಅಪ್ರೂವ್ ಆದ ಬಿಲ್ ನಂಬರನ್ನು ನೆನಪಿಟ್ಟುಕೊಂಡು, ಅದೇ ಬಿಲ್ಲಿಗೆ ಇನ್ನೊಂದು ಸಲ ದುಡ್ಡು ಕೇಳಿದರೆ ಮಿಷಿನ್ನಿಗೆ ಹೋಗದೆ ಹಿಂದಿನ ಉತ್ತರವನ್ನೇ ಕೊಡಬೇಕು. ಅಕ್ಕನ ನೋಟ್‌ಬುಕ್ಕು ಮಾಡ್ತಿದ್ದದ್ದೂ ಅದೇ ಕೆಲಸ ತಾನೇ. ಎರಡು ವಾರದಲ್ಲಿ ಆರು ಕೌಂಟರಿಗೂ ಹಾಕಿದೆವು, ಜಗಳ ನಿಂತಿತು.

ಇಲ್ಲಿಗೆ ನಮ್ಮ ಕೆಲಸ ಮುಗೀತು, ಬಿಲ್ ಕೊಟ್ಟು ಬನ್ನಿ ಅಂದರು ನಮ್ಮ ಮ್ಯಾನೇಜರು. ಸಂಬಳದ ವಿಷಯ ಎತ್ತಿದಾಗ "ಅದು ಅವರ ಮನೆ ವಿಷಯ, ನಮಗ್ಯಾಕೆ" ಅಂದರು. ಅವರ ಮಾತಿನಲ್ಲೂ ಅರ್ಥ ಇಲ್ಲದೆ ಇರಲಿಲ್ಲ. ಸಾಹುಕಾರರು ಮುನಿಸಿಕೊಂಡರೆ ಮುಂದಿನ ಕೆಲಸ ಹೋಗುತ್ತೆ.

ಆದರೆ ನನಗೆ ತಲೆಯಲ್ಲಿ ಒಂದು ವಿಷಯ ಕೊರೀತಾ ಇತ್ತು. ಅಮೆರಿಕದಲ್ಲಿ ಚಿಪ್ ತರೋವಾಗ ಏನು ಮಾಡಿದರು ಗೊತ್ತಾ? 2013ರ ಕೊನೆಯಲ್ಲಿ ಅಲ್ಲಿನ ಟಾರ್ಗೆಟ್ ಅನ್ನೋ ದೊಡ್ಡ ಅಂಗಡಿಯಿಂದ ಸುಮಾರು ನಾಲ್ಕು ಕೋಟಿ ಕಾರ್ಡುಗಳ ವಿವರ ಕಳುವಾಗಿ ದೇಶವೆಲ್ಲ ಗಾಬರಿಯಾಗಿತ್ತು. ಅಂಗಡಿಯವರಿಗೆ ಹೊಸ ಮಿಷಿನ್ ಹಾಕಿ ಅಂತ ಕಾನೂನು ಮಾಡಲಿಲ್ಲ. ಕಾರ್ಡ್ ಕಂಪನಿಗಳು ಒಂದು ನಿಯಮ ತಂದವು: 2015ರ ಅಕ್ಟೋಬರಿನಿಂದ, ನಕಲಿ ಕಾರ್ಡಿನಿಂದ ನಷ್ಟ ಆದರೆ ಬ್ಯಾಂಕು, ಅಂಗಡಿ ಇಬ್ಬರಲ್ಲಿ ಯಾರು ಚಿಪ್ಪಿಗೆ ಬದಲಾಗಿಲ್ಲವೋ ಅವರೇ ಆ ನಷ್ಟ ಹೊರಬೇಕು. ಪೆಟ್ರೋಲ್ ಬಂಕುಗಳಿಗೆ ಮಾತ್ರ, ನೆಲ ಅಗೆದು ಪಂಪು ಬದಲಾಯಿಸಬೇಕು ಅಂತ, ಗಡುವನ್ನು ಮುಂದೂಡ್ತಾ ಮುಂದೂಡ್ತಾ 2021ರ ಏಪ್ರಿಲ್‌ವರೆಗೂ ಎಳೆದರು. ಏನೇ ಇರಲಿ, ಲೆಕ್ಕ ನ್ಯಾಯವಾಗಿದೆ. ಬದಲಾಯಿಸೋ ಅಧಿಕಾರ ಯಾರಿಗಿದೆಯೋ ನಷ್ಟವೂ ಅವರದ್ದೇ.

ನಮ್ಮ ಅಂಗಡಿಯಲ್ಲಿ ನಡೆದದ್ದು ಅದರ ಉಲ್ಟಾ. ಸಾಫ್ಟ್‌ವೇರು ಬದಲಾಯಿಸೋ ಅಧಿಕಾರ ಸಾಹುಕಾರರದ್ದು. ಮಿಷಿನ್ನು ಬ್ಯಾಂಕಿನದ್ದು. ತಗುಲಿಸಿ ಹೋದವರು ಇನ್ಯಾರೋ. ಏನನ್ನೂ ಬದಲಾಯಿಸೋ ಅಧಿಕಾರ ಇಲ್ಲದ ಅಕ್ಕನ ತಲೆ ಮೇಲೆ ನಷ್ಟ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಇದೇ ಅದು. ಹಳೆಯದಕ್ಕೂ ಹೊಸದಕ್ಕೂ ಎಲ್ಲಿ ಸರಿಯಾಗಿ ಜೋಡಣೆ ಆಗಿರಲ್ವೋ ಆ ಸಂದಿಯಲ್ಲಿ ಯಾವಾಗಲೂ ಒಬ್ಬ ಮನುಷ್ಯ ಸಿಕ್ಕಿಹಾಕಿಕೊಂಡಿರ್ತಾನೆ. ಅವನ ಕೈಬೆರಳೇ ಅಲ್ಲಿ ಗೋಂದು. ಇದು ಯಾವ ಪುಸ್ತಕದಲ್ಲೂ ಬರೆದಿರಲ್ಲ.

ಭಾನುವಾರ ಮನೆಯಲ್ಲಿ ಕೂತು, ಬ್ಯಾಂಕಿನ ಎರಡು ತಿಂಗಳ ಕಾರ್ಡ್ ಲೆಕ್ಕವನ್ನೂ ನೋಟ್‌ಬುಕ್ಕಿನ ಫೋಟೋಗಳನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡಿದೆ. 21 ಸಾಲು ಕರೆಕ್ಟಾಗಿ ಸಿಕ್ಕಿದವು. ಎರಡು ಸಿಗಲಿಲ್ಲ. ಮೊತ್ತ ಇದೆ, ಟೈಮು ಇದೆ, ಕೊನೆಯ ನಾಲ್ಕು ಅಂಕಿ ಮಾತ್ರ ಬೇರೆ. ಅಕ್ಕ ತಪ್ಪು ಬರೆದಿರಬಹುದಾ ಅಂದ್ಕೊಂಡು ಫೋನ್ ಮಾಡಿದೆ.

"ಇಲ್ಲ ಸಾರ್, ಅವೆರಡೂ ಆ ಫೋನ್ ಹಿಡಿಯೋ ಹುಡುಗಂದು. ಫೋನಲ್ಲಿ ಕಾರ್ಡ್ ಚಿತ್ರ ಬರ್ತದಲ್ಲ, ಅದ್ರಲ್ಲಿದ್ದ ನಂಬ್ರಾನೇ ಬರ್ದೆ."

ಟೋಕನ್! ಫೋನಿನ ಪರದೆ ಮೇಲೆ ಕಾಣೋದು ನಿಜವಾದ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮಿಷಿನ್ನಿಗೆ ಹೋಗೋದು ಟೋಕನ್ನಿನ ಅಂಕಿ, ಚೀಟಿಯಲ್ಲಿ ಬರೋದೂ ಅದೇ. ಅಕ್ಕ ಬರೆದದ್ದು ಸರಿ, ಬ್ಯಾಂಕು ಬರೆದದ್ದೂ ಸರಿ. ವಸ್ತು ವಾಪಸ್ ಕೊಡೋಕೆ ಬಂದ ಗಿರಾಕಿಗೂ ಅಂಗಡಿಯವರಿಗೂ ಇದರಿಂದಲೇ ಜಗಳ ಆಗೋದು ಉಂಟು, ಚೀಟಿ ನಂಬರು ಕಾರ್ಡಿನ ಮೇಲೆ ಇರೋದೇ ಇಲ್ಲವಲ್ಲ. ಲಂಡನ್ನಿನ ಮೆಟ್ರೋದಲ್ಲೂ ಹತ್ತುವಾಗ ಕಾರ್ಡು, ಇಳಿಯುವಾಗ ಅದೇ ಕಾರ್ಡು ಹಾಕಿದ ಫೋನು ಮುಟ್ಟಿಸಿದರೆ ಇಬ್ಬರು ಬೇರೆ ಪ್ರಯಾಣಿಕರು ಅಂತಲೇ ಲೆಕ್ಕ. ನಾನು ಮೊತ್ತ ಮತ್ತು ಟೈಮು ಹಿಡಿದು ಅವೆರಡನ್ನೂ ಹೊಂದಿಸಿದೆ. 23ಕ್ಕೆ 23.

ಪ್ರಿಂಟ್ ತೆಗೆದುಕೊಂಡು ಹೋಗಿ ಸಾಹುಕಾರರ ಮೇಜಿನ ಮೇಲಿಟ್ಟೆ. ಅವರು ಕೆಟ್ಟವರೇನಲ್ಲ. ಅವರ ಅಪ್ಪ ತಲೆ ಮೇಲೆ ಮೂಟೆ ಹೊತ್ತು ಕಟ್ಟಿದ ಅಂಗಡಿ. ಅಪ್ಪ ಹೇಳಿಕೊಟ್ಟ ಒಂದೇ ಪಾಠ, ಗಲ್ಲಾದಲ್ಲಿ ಒಂದು ರೂಪಾಯಿ ಕಮ್ಮಿ ಬಂದರೂ ಗಲ್ಲಾದಲ್ಲಿ ಕೂತವರೇ ಕಟ್ಟಬೇಕು. ಮೊದಲು "ಲೆಕ್ಕ ಅಂದ್ರೆ ಲೆಕ್ಕ, ಸಾರ್" ಅಂದರು. "ನಾನೂ ಲೆಕ್ಕಾನೇ ತಂದಿದೀನಿ ಸಾರ್" ಅಂದೆ. ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿದರು. ಮುಕ್ಕಾಲು ಗಂಟೆ ಹಿಡೀತು. ಕೊನೆಗೆ ಏನೂ ಹೇಳದೆ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಬಸ್ಸು ಹತ್ತಿದೆ.

ದೀಪಾವಳಿ ಆದ ಮೇಲೆ ಅಕ್ಕನ ಫೋನು ಬಂತು. ಬೋನಸ್ಸಿನ ಕವರಿನಲ್ಲಿ ಯಾವಾಗಲೂ ಕೊಡೋದಕ್ಕಿಂತ ಆರು ಸಾವಿರದ ಎಂಟ್ನೂರ ನಲವತ್ತು ಹೆಚ್ಚಿಗೆ ಇತ್ತಂತೆ. ಇನ್ನಿಬ್ಬರಿಗೂ ಅವರವರದ್ದು ಬಂದಿತ್ತಂತೆ. ನನಗೆ ಖುಷಿಯಾಯ್ತು, "ಒಳ್ಳೇದಾಯ್ತಲ್ಲ ಅಕ್ಕ" ಅಂದೆ.

"ಎಲ್ಲಿ ಒಳ್ಳೇದು ಸಾರ್? ಬೋನಸ್ಸು ಬೇರೆ, ನನ್ ದುಡ್ಡು ಬೇರೆ. ಬೋನಸ್ಸು ಅಂತ ಈಸ್ಕೊಂಡ್ರೆ ನಾನ್ ಕದ್ದಿದ್ದು ಹಂಗೇ ಉಳೀತದಲ್ಲ."

ನಾನು ಸುಮ್ಮನಾದೆ. ಅವರು ಹೋಗಿ ಸಾಹುಕಾರರ ಮುಂದೆ ನೋಟ್‌ಬುಕ್ಕು ಇಟ್ಟು, 23ನೇ ಸಾಲಿನ ಕೆಳಗೆ "ಎಲ್ಲಾ ಕಾರ್ಡಿನಲ್ಲಿ ಬಂದಿದೆ, ಶಾರ್ಟ್ ಇಲ್ಲ" ಅಂತ ಬರೆದು ಸೈನು ಹಾಕಿ ಅಂದರಂತೆ. ಸ್ವಲ್ಪ ಹೊತ್ತು ಅವರನ್ನೇ ನೋಡಿ, ನಕ್ಕು, ಸೈನು ಹಾಕಿಕೊಟ್ಟರಂತೆ. ಆರು ಸಾವಿರಕ್ಕಿಂತ ಆ ಸೈನೇ ಅವರಿಗೆ ದೊಡ್ಡದಾಗಿತ್ತು ಅನ್ನೋದು ನನಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು.

ಆಮೇಲೆ ಎಷ್ಟೋ ಬದಲಾಯ್ತು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಗಿರಾಕಿಯ ಖಾತೆಯಿಂದ ದುಡ್ಡು ಕಟ್ ಆಗಿ ಅಂಗಡಿಗೆ ಖಾತ್ರಿ ತಲುಪದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ತಾನಾಗಿಯೇ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ಗಿರಾಕಿಗೆ ನಿಜಕ್ಕೂ ಒಳ್ಳೆಯ ನಿಯಮ. ಕೌಂಟರಿನಲ್ಲಿ ಕೂತವರ ಬಗ್ಗೆ ಅದರಲ್ಲಿ ಏನೂ ಇಲ್ಲ. ಪಿನ್ ಒತ್ತದೆ ಸುಮ್ಮನೆ ಮುಟ್ಟಿಸೋ ಕಾರ್ಡಿಗೆ ಇದ್ದ ಎರಡು ಸಾವಿರದ ಮಿತಿ 2021ರ ಜನವರಿಯಿಂದ ಐದು ಸಾವಿರ ಆಯ್ತು, ಕನ್ನಡಕ ಹುಡುಕೋರಿಗೆ ಅಷ್ಟರಮಟ್ಟಿಗೆ ಆರಾಮ. ಕಾಂತದ ನಾಟಕ ಆಡ್ತಿದ್ದ ಸುರುಳಿಯನ್ನು ಸ್ಯಾಮ್‌ಸಂಗ್‌ನವರು 2021ರಿಂದ ಅಮೆರಿಕದ ಹೊಸ ಫೋನುಗಳಲ್ಲಿ ಇಡೋದೇ ಬಿಟ್ಟರು, ಅದರ ಕಾಲ ಮುಗೀತು. ಮಾಸ್ಟರ್‌ಕಾರ್ಡಿನವರು 2033ರ ಹೊತ್ತಿಗೆ ತಮ್ಮ ಯಾವ ಕಾರ್ಡಿನ ಮೇಲೂ ಕರಿ ಪಟ್ಟಿ ಇರಲ್ಲ ಅಂತ ಹೇಳಿದ್ದಾರೆ.

2022ರಿಂದ ಇನ್ನೊಂದು ತಮಾಷೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿ ಅದೇ, ಮೂಲೆ ಕಿತ್ತು ಅರಿಶಿನದ ಕೈ ಹತ್ತಿದ್ದೂ ಅದೇ. ಅದರಲ್ಲೇ ಈಗ ಕ್ರೆಡಿಟ್ ಕಾರ್ಡೂ ನಡೆಯುತ್ತೆ. ಮಿಷಿನ್ನೇ ಬೇಡ! ಪಕ್ಕದಲ್ಲಿ ಡಬ್ಬಿ ಬೇರೆ, ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲೇ ಕೂಗಿ ಹೇಳುತ್ತೆ. ಆದರೆ ಎಷ್ಟೋ ಅಂಗಡಿಗಳಲ್ಲಿ ಆ ಡಬ್ಬಿಗೂ ಬಿಲ್ಲಿಂಗ್ ಕಂಪ್ಯೂಟರಿಗೂ ಮಾತುಕತೆ ಇಲ್ಲ. ಡಬ್ಬಿ ಕೂಗುತ್ತೆ, ಕೌಂಟರಿನ ಹುಡುಗಿ "ಕ್ಯಾಶ್" ಒತ್ತಿ ಬಿಲ್ ಮುಗಿಸ್ತಾಳೆ. ನಾನು ಹಿಂದೆ ನಿಂತು ನೋಡಿ "ಅಯ್ಯೋ" ಅಂದ್ಕೊಳ್ತೀನಿ. ರಾತ್ರಿ ಅಲ್ಲಿ ಯಾರು ತಾಳೆ ನೋಡ್ತಾರೋ ಏನೋ.

ಅದಕ್ಕೇ ಓದುಗರಲ್ಲಿ ಒಂದು ಚಿಕ್ಕ ಕೋರಿಕೆ. ಕಾರ್ಡು ಎರಡು ಸಲ ಕಟ್ ಆದರೆ ಕೌಂಟರಿನಲ್ಲಿ ಕೂತವರ ಮೇಲೆ ಎಗರಾಡಬೇಡಿ. ಚೀಟಿ ಇಸ್ಕೊಳ್ಳಿ, ಅದರ ಮೇಲಿರೋ ಅಪ್ರೂವಲ್ ಕೋಡನ್ನೂ ಆರ್‌ಆರ್‌ಎನ್ ಅಂತ ಬರೆದಿರೋ ಹನ್ನೆರಡು ಅಂಕಿಯನ್ನೂ ಇಟ್ಟುಕೊಂಡು ನಿಮ್ಮ ಬ್ಯಾಂಕಿಗೆ ದೂರು ಕೊಡಿ. ಸಾಧ್ಯವಾದರೆ ಅದೇ ಚೀಟಿಯ ಇನ್ನೊಂದು ಪ್ರತಿಯನ್ನು ಅವರಿಗೂ ತೆಗೆದಿಟ್ಟುಕೊಳ್ಳೋಕೆ ಹೇಳಿ. ನಿಮ್ಮ ದುಡ್ಡು ವಾಪಸ್ ಬರೋಕೆ ನಿಯಮ ಇದೆ, ಅವರ ಹತ್ತಿರ ಇರೋದು ಆ ಚೀಟಿ ಒಂದೇ.

ನಿಮ್ಮಲ್ಲಿ ಯಾರಾದರೂ ಗಲ್ಲಾದಲ್ಲಿ ಕೂತು ಕೆಲಸ ಮಾಡಿದವರು, ಅಥವಾ ಮನೆಯಲ್ಲಿ ಅಂಥವರು ಇರೋರು ಇದ್ದರೆ ಬರೀರಿ. ಇಂಥ ನೋಟ್‌ಬುಕ್ಕುಗಳು ಇನ್ನೆಷ್ಟು ಡ್ರಾಯರುಗಳಲ್ಲಿ ಇವೆಯೋ ತಿಳ್ಕೊಳ್ಳೋ ಆಸೆ ನನಗೆ.